ಹಾರ್ನಿನ ಜಾಗದಲ್ಲಿ ಸ್ಟಾರ್ಟರಿನ ರಿಲೇ

ಕಾರು ಕೆಟ್ಟದ್ದಕ್ಕಿಂತ, ಅದರಲ್ಲಿ ಕೆಟ್ಟಿರುವುದೇನೆಂದು ಹೆಂಡತಿ ಜಯಶೀಲಾ ಮೊದಲು ಹೇಳಿದ್ದೇ ತನಿಯಪ್ಪನವರಿಗೆ ಹೆಚ್ಚು ನೋವು ತಂದಿತ್ತು. ಹಾಲೆಂಡಿನ ಲೈಡನ್ ನಗರದ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ಸೂಕ್ಷ್ಮದರ್ಶಕದೊಳಗೆ ಕಣ್ಣಿಟ್ಟು, ಕಾಣದ ಜೀವಿಗಳ ಜಾತಕ ಬರೆದವರು ಅವರು. ಅಂಥವರಿಗೆ ಕಣ್ಣೆದುರಿನ ಕಾರಿನ ರೋಗ ತಿಳಿಯಲಿಲ್ಲವೆಂದರೆ ಮಾನ ಉಳಿಯುತ್ತದೆಯೇ?

ಮೊದಲ ಲಕ್ಷಣ ಕಂಡದ್ದು ಒಂದು ಮಂಗಳವಾರ. ಕೀಲಿ ತಿರುಗಿಸಿದರು, ‘ಟಕ್’ ಎಂದಿತು. ಇಂಜಿನ್ ಮಾತ್ರ ಮೌನವ್ರತ ಹಿಡಿದಿತ್ತು. ಮತ್ತೆ ತಿರುಗಿಸಿದರು, ಮತ್ತೊಂದು ಟಕ್. ಐದನೆಯ ಸಲ ಏನೂ ನಡೆದೇ ಇಲ್ಲವೆಂಬಂತೆ ಹೊರಟಿತು. ಬ್ಯಾಟರಿ ಮುದಿಯಾಗಿದೆಯೆಂದು ತನಿಯಪ್ಪನವರು ತೀರ್ಪು ಕೊಟ್ಟರು.

“ಬ್ಯಾಟರಿ ಹೋದ್ರೆ ದೀಪ ಮಂಕಾಗ್ಬೇಕಲ್ವಾ?” ಎಂದರು ಜಯಶೀಲಾ. “ದೀಪ ಚಂದ ಉರೀತಾ ಉಂಟು, ರೇಡಿಯೋ ಹಾಡ್ತಾ ಉಂಟು.”

“ಇದು ಮಿಕ್ಸಿ ಅಲ್ಲ ಮಾರಾಯ್ತಿ.”

“ಮಿಕ್ಸಿ ಆಗಿದ್ರೆ ನಾನೇ ಸರಿ ಮಾಡ್ತಿದ್ದೆ.”

ಮರುದಿನ ಆಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಾಳಾದದ್ದು ರಿಲೇ ಎಂದರು. ಕೀಲಿಯ ಅಪ್ಪಣೆಯನ್ನು ಸ್ಟಾರ್ಟರ್ ಮೋಟರಿಗೆ ಮುಟ್ಟಿಸುವ, ಬೆಂಕಿಪೊಟ್ಟಣದ ಅರ್ಧದಷ್ಟಿರುವ ಸ್ವಿಚ್ಚು ಅದು. ಈ ಪದ ಅವಳ ಬಾಯಿಗೆ ಎಲ್ಲಿಂದ ಬಂತೆಂದು ತನಿಯಪ್ಪನವರು ಕ್ಷಣಕಾಲ ಯೋಚಿಸಿ, ಬಿಟ್ಟರು. (ಬಿಡಬಾರದಿತ್ತು.) ಶನಿವಾರ ಆನೆಮರಿಯಂಥ ಹೊಸ ಬ್ಯಾಟರಿ ತಂದು ಕೂರಿಸಿದರು. ಮುಂದಿನ ಮೂರು ದಿನ ಕಾರು ಒಂದೇ ಗುಕ್ಕಿಗೆ ಹೊರಟಿತು. ಅವರು ಸಹೋದ್ಯೋಗಿಗಳಿಗೆಲ್ಲ ವಿಜಯವಾರ್ತೆ ಹಂಚಿದರು. ಆಯ್ದ ದಿನ ಮಾತ್ರ ಕೆಲಸ ಮಾಡುವುದು ಸಾಯುತ್ತಿರುವ ರಿಲೇಯ ಜನ್ಮಗುಣವೆಂದು ಅವರಿಗೆ ಗೊತ್ತಿರಲಿಲ್ಲ. ನಾಲ್ಕನೆಯ ದಿನ ಮತ್ತೆ ಟಕ್.

ಹೀಗೆ ಎರಡು ವಾರ ಕಳೆಯಿತು. ಆಮೇಲೊಂದು ಶುಕ್ರವಾರ ರೋಗ ತಿರುಗಿಬಿತ್ತು. ಇಂಜಿನ್ ಹೊರಟಿತು, ಆದರೆ ಸ್ಟಾರ್ಟರ್ ನಿಲ್ಲಲಿಲ್ಲ. ಒಣ ಕೊಬ್ಬರಿ ಸಿಕ್ಕಿಕೊಂಡ ಮಿಕ್ಸಿಯಂತೆ ಗರ್ರೆಂದು ಅರೆಯುತ್ತಲೇ ಇತ್ತು. ಕೀಲಿ ಕಿತ್ತು, ಬಾನೆಟ್ಟಿಗೆ ಎರಡು ಗುದ್ದು ಕೊಟ್ಟ ಮೇಲೆಯೇ ಸುಮ್ಮನಾದದ್ದು.

“ಇಷ್ಟು ದಿನ ಹಿಡೀಲಿಲ್ಲ, ಈಗ ಹಿಡಿದದ್ದನ್ನು ಬಿಡ್ತಾ ಇಲ್ಲ,” ಎಂದರು ಜಯಶೀಲಾ. “ಆ ರಿಲೇ ಬದಲಿಸಿ. ಭಾನುವಾರ ವಾಗೆನಿಂಗನ್‌ಗೆ ಹೋಗ್ಲಿಕ್ಕುಂಟು.”

ಆ ಭಾನುವಾರ ಸಾಮಾನ್ಯದ್ದಲ್ಲ. ಮಗ ಪ್ರೀತಮ್ ಮದುವೆಯಾಗಬೇಕೆಂದಿದ್ದ ಶ್ರೇಯಾಳ ಮನೆಗೆ ಹಿರಿಯರು ಮೊದಲ ಸಲ ಹೋಗುವ ದಿನ. ಹುಡುಗಿಯ ತಂದೆ ಸುರೇಶ್ ಮಂಗಳೂರಿನ ಕಡೆಯವರು. ಹನ್ನೊಂದು ಗಂಟೆಗೆ ಬನ್ನಿ ಎಂದಿದ್ದರು. ಹುಡುಗಿಯ ಬುದ್ಧಿ, ತಾಳ್ಮೆಗಳನ್ನು ಅಳೆಯಲು ತನಿಯಪ್ಪನವರು ಐದು ಪ್ರಶ್ನೆಗಳ ಚೀಟಿಯನ್ನೂ ಸಿದ್ಧಪಡಿಸಿ ಕಿಸೆಗೆ ಹಾಕಿದ್ದರು. ಆದರೆ ಆ ಊರಿಗೆ ರೈಲಿಲ್ಲ. ಎಡೆ ಎಂಬ ಪಕ್ಕದ ಊರಿನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಗಂಡಿನ ಕಡೆಯವರು ಕೆಸುವಿನೆಲೆಯ ಪತ್ರೊಡೆ ತುಂಬಿದ ಡಬ್ಬಿ ಅಪ್ಪಿಕೊಂಡು ಬಸ್ಸಿನಿಂದ ಇಳಿದರೆ ಏನು ಗೌರವ? ಗ್ಯಾರೇಜಿನವರೋ ಎರಡು ವಾರದ ಮೇಲಿನ ದಿನ ಕೊಟ್ಟರು. ಈ ದೇಶದಲ್ಲಿ ಮುಂಚಿತವಾಗಿ ದಿನ ಗೊತ್ತುಮಾಡಿಕೊಳ್ಳದೆ ಕೆಡುವ ಹಕ್ಕು ಕಾರಿಗೂ ಇಲ್ಲ.

ಶನಿವಾರ ಮಧ್ಯಾಹ್ನ ಒಂದು ವೀಡಿಯೋ ನೋಡುತ್ತಿದ್ದಾಗ ಅವರಿಗೆ ಜ್ಞಾನೋದಯವಾಯಿತು. ಬಾನೆಟ್ಟಿನ ಕೆಳಗಿನ ಕಪ್ಪು ಪೆಟ್ಟಿಗೆಯಲ್ಲಿ ರಿಲೇಗಳು ಸಾಲಾಗಿ ಕೂತಿರುತ್ತವೆ. ಸ್ಟಾರ್ಟರಿನದೂ ಹಾರ್ನಿನದೂ ಅವಳಿಜವಳಿ. ಅದನ್ನು ಇಲ್ಲಿಗೆ, ಇದನ್ನು ಅಲ್ಲಿಗೆ ಹಾಕಿದರೆ ಕೆಲಸ ಮುಗಿಯಿತು. ಹಾರ್ನ್ ಬೇಕಾದರೂ ಯಾರಿಗೆ? ಹಾಲೆಂಡಿಗೆ ಬಂದ ಮೇಲೆ ಅವರು ಅದನ್ನು ಒತ್ತಿದ್ದು ಒಂದೇ ಸಲ. ಆಗ ಮುಂದಿದ್ದ ಸೈಕಲ್ಲಿನ ಅಜ್ಜಿ ಇಳಿದು ಬಂದು, ಕಿಟಕಿ ತಟ್ಟಿ, ನಿಮಗೇನು ತೊಂದರೆ, ನನ್ನಿಂದ ಸಹಾಯವಾದೀತೇ ಎಂದು ವಿನಯದಿಂದ ವಿಚಾರಿಸಿದ್ದಳು. ಉಡುಪಿಯಲ್ಲಿ ಬ್ರೇಕಿಗಿಂತ ಹೆಚ್ಚು ಹಾರ್ನ್ ಬಳಸಿದ್ದ ಕೈ ಅಂದಿನಿಂದ ಸನ್ಯಾಸ ಸ್ವೀಕರಿಸಿತ್ತು.

ಅದಲುಬದಲು ಮಾಡಿದರು. ಕಾರು ತಟ್ಟನೆ ಹೊರಟಿತು. ಹಾರ್ನನ್ನು ಪರೀಕ್ಷಿಸುವ ಗೋಜಿಗೆ ಹೋಗಲಿಲ್ಲ; ಹೆಂಡತಿಗೆ ‘ರಿಪೇರಿ ಆಯಿತು’ ಎಂದಷ್ಟೇ ತಿಳಿಸಿದರು. ಜಯಶೀಲಾ ಗಂಡನ ಮುಖವನ್ನೊಮ್ಮೆ ನೋಡಿ ಪತ್ರೊಡೆಗೆ ಅಕ್ಕಿ ರುಬ್ಬಲು ಹೋದರು.

ಭಾನುವಾರ ಹನ್ನೊಂದಕ್ಕೆ ಒಂದು ನಿಮಿಷ ಇರುವಾಗ ಸುರೇಶರ ಬೀದಿಗೆ ತಲುಪಿದರು. ಪರದೆ ಅಲುಗಿದರೂ ಕೇಳಿಸುವಂಥ ನಿಶ್ಶಬ್ದ. ಮನೆಯೆದುರು ಒಂದೇ ಜಾಗ ಖಾಲಿಯಿತ್ತು, ಅದರ ನಡುವೆ ಕುಂಬಳಕಾಯಿ ಗಾತ್ರದ ಬೆಕ್ಕೊಂದು ಬಿಸಿಲಿಗೆ ಮೈ ಕಾಯಿಸುತ್ತಿತ್ತು. ಹೊತ್ತು ಮೀರುತ್ತಿದೆ ಎಂಬ ಗಾಬರಿಯಲ್ಲಿ ತನಿಯಪ್ಪನವರ ಕೈ ಸನ್ಯಾಸ ಮರೆತು ತಾನಾಗಿಯೇ ಹಾರ್ನಿಗೆ ಹೋಯಿತು. ಒಂದು ಸಣ್ಣ ‘ಪೀಂ’ ಅವರ ಉದ್ದೇಶ.

ಪೀಂ ನಿಲ್ಲಲಿಲ್ಲ. ಹಿಡಿದದ್ದನ್ನು ಬಿಡದ ಆ ರಿಲೇ ಹಾರ್ನನ್ನೂ ಬಿಡಲಿಲ್ಲ. ಕೈ ತೆಗೆದರು, ಇಂಜಿನ್ ಆರಿಸಿದರು, ಕೀಲಿ ಕಿತ್ತರು. ಹೊಸ ಬ್ಯಾಟರಿ ತನ್ನ ಪೂರ್ತಿ ಯೌವನವನ್ನು ಧಾರೆಯೆರೆದು ಅದನ್ನು ಕೂಗಿಸಿತು. ಎದುರುಮನೆಯ ಹೆಂಗಸು ಹೂವಿಗೆ ನೀರೆರೆಯುವ ಡಬ್ಬಿಯ ಸಮೇತ ಹೊರಬಂದಳು. ಒಬ್ಬ ಮುದುಕ ಗಡಿಯಾರ ನೋಡಿಕೊಂಡ. ಹಿಂದಿನ ಸೀಟಿನ ಪ್ರೀತಮ್ ಪತ್ರೊಡೆ ಡಬ್ಬಿಯ ಮರೆಯಲ್ಲಿ ಅಡಗಿದ. ಬೆಕ್ಕು ಕಿವಿಯನ್ನೂ ಅಲುಗಿಸಲಿಲ್ಲ.

ಆಗ ಶ್ರೇಯಾ ಓಡಿಬಂದು ಬಾನೆಟ್ ತೆರೆಸಿದಳು. ನೇರವಾಗಿ ಕಪ್ಪು ಪೆಟ್ಟಿಗೆಗೆ ಕೈಹಾಕಿ ಒಂದು ರಿಲೇ ಕಿತ್ತಳು. ಬೀದಿ ಮತ್ತೆ ನಿಶ್ಶಬ್ದವಾಯಿತು.

“ಇದು ಹಾಳಾದ ಸ್ಟಾರ್ಟರ್ ರಿಲೇ ಅಲ್ವಾ ಅಂಕಲ್? ಯಾರೋ ಹಾರ್ನ್‌ಗೆ ಹಾಕಿದ್ದಾರೆ.”

ಯಾರಿರಬಹುದೆಂದು ತನಿಯಪ್ಪನವರು ಆಕಾಶವನ್ನು ಕೇಳುವವರಂತೆ ತಲೆಯೆತ್ತಿದರು. ಅಷ್ಟರಲ್ಲಿ ಜಯಶೀಲಾ ವ್ಯಾನಿಟಿ ಚೀಲದಿಂದ ಪುಟ್ಟ ಪೊಟ್ಟಣವೊಂದನ್ನು ತೆಗೆದು ಶ್ರೇಯಾಳ ಕೈಗಿತ್ತರು. ಹೊಚ್ಚ ಹೊಸ ರಿಲೇ.

“ಇದು ಯಾವಾಗ ತಂದದ್ದು?” ತನಿಯಪ್ಪನವರ ಧ್ವನಿ ಇಳಿದಿತ್ತು.

“ಎರಡು ವಾರ ಆಯ್ತು. ನೀವು ಕೇಳ್ಲಿ ಅಂತ ಕಾಯ್ತಾ ಇದ್ದೆ.”

“ಸಾರಿ ಅಂಕಲ್,” ಎಂದಳು ಶ್ರೇಯಾ. “ಆಂಟಿ ಫೋನಲ್ಲಿ ನಂಗೆ ಆ ಟಕ್ ಟಕ್ ಕೇಳಿಸಿದ್ರು. ನಮ್ಮ ಯೂನಿವರ್ಸಿಟಿ ಹೊಲದ ಹಳೇ ಟ್ರ್ಯಾಕ್ಟರ್‌ದೂ ಇದೇ ಕಥೆ. ನಾನು ಹೇಳಿದ್ದು ಅಂತ ಗೊತ್ತಾದ್ರೆ ಅಂಕಲ್‌ಗೆ ಬೇಜಾರಾಗ್ಬಹುದು, ಅವ್ರೇ ಕಂಡುಹಿಡೀಲಿ ಅಂತ ನಾನೇ ಅಂದಿದ್ದೆ.”

ಅಂದರೆ ಅತ್ತೆ ಸೊಸೆಯರ ಒಪ್ಪಂದ ಮೂರು ವಾರದ ಹಿಂದೆಯೇ ಮುಗಿದಿತ್ತು. ಇಂದು ಪರೀಕ್ಷೆಗೆ ಬಂದಿದ್ದವರು ತಾವೊಬ್ಬರೇ. ಬುದ್ಧಿ, ತಾಳ್ಮೆಗಳ ಪ್ರಶ್ನೆಗೆ ಇನ್ನೇನು ಉತ್ತರ ಬೇಕು? ತನಿಯಪ್ಪನವರು ಕಿಸೆಯಲ್ಲಿದ್ದ ಚೀಟಿಯನ್ನು ಅಲ್ಲೇ ಮುದುಡಿದರು. ಬಾಗಿಲಲ್ಲಿ ನಿಂತಿದ್ದ ಸುರೇಶ್ ಮಾತ್ರ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ಮಂಗಳೂರಿನ ಸಿಟಿ ಬಸ್ಸೇ ಮನೆಬಾಗಿಲಿಗೆ ಬಂತೆಂದುಕೊಂಡರಂತೆ. ಆ ಬಳಿಕ ಊಟ ಸೊಗಸಾಗಿ ನಡೆಯಿತು, ಪತ್ರೊಡೆ ಚೂರೂ ಉಳಿಯಲಿಲ್ಲ, ಮದುವೆಯ ಮಾತು ಪಾಯಸಕ್ಕೆ ಮೊದಲೇ ಮುಗಿಯಿತು.

ಹೊರಡುವ ಹೊತ್ತಿಗೆ ಶ್ರೇಯಾ ಹೊಸ ರಿಲೇಯನ್ನು ಸ್ಟಾರ್ಟರಿಗೆ ಹಾಕಿ, ಹಾರ್ನಿನದನ್ನು ಹಾರ್ನಿಗೇ ಮರಳಿಸಿದ್ದಳು. ಬೆಕ್ಕು ಈಗ ಕಾರಿನ ಮುಂದೆ ಮಲಗಿತ್ತು.

“ಒಮ್ಮೆ ಹಾರ್ನ್ ಹೊಡೆದು ನೋಡಿ ಅಂಕಲ್.”

“ಬೇಡ ಮಗಳೇ,” ಎಂದರು ತನಿಯಪ್ಪನವರು. “ಈ ದೇಶದಲ್ಲಿ ಹಾರ್ನ್ ಎಂತಕ್ಕೆ?”

ಅವರು ಇಳಿದು ಹೋಗಿ, ಬೆಕ್ಕಿನ ಮುಂದೆ ಬಗ್ಗಿ ನಿಂತು, ತಮಗೆ ಬರುವಷ್ಟು ಡಚ್ಚಿನಲ್ಲಿ ಅದರ ಅಪ್ಪಣೆ ಕೇಳಿದರು. ಅದು ಬಹಳ ಹೊತ್ತು ಯೋಚಿಸಿ ಎದ್ದು ಹೋಯಿತು. ತಿರುಗಿ ನೋಡಿದರೆ ಚಾಲಕನ ಸೀಟಿನಲ್ಲಿ ಜಯಶೀಲಾ, ಪಕ್ಕದಲ್ಲಿ ಪ್ರೀತಮ್. ಕೀಲಿ ತಿರುಗಿತು, ಕಾರು ಒಂದೇ ಸಲಕ್ಕೆ ಹೊರಟಿತು. ತನಿಯಪ್ಪನವರು ಹಿಂದಿನ ಬಾಗಿಲು ತೆರೆದು, ಖಾಲಿ ಪತ್ರೊಡೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.