ಭಾವನ ರೇಡಿಯೋ, ನನ್ನ ಕಂಡೆನ್ಸರ್

ಹಿಂದೂಪುರದಲ್ಲಿ ಹಳೆ ವಾಲ್ವ್ ರೇಡಿಯೋ ರಿಪೇರಿ ಮಾಡೋನು ಈಗ ಹೆಚ್ಚುಕಡಿಮೆ ನಾನೊಬ್ಬನೇ. ರೇಡಿಯೋ ಏನೋ ಸರಿಹೋಗುತ್ತೆ, ಅದರ ಯಜಮಾನರ ಜೊತೆ ಮಾತ್ರ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತೆ. ಕಲ್ಯಾಣದುರ್ಗದ ನಮ್ಮ ಭಾವನ ರೇಡಿಯೋ ಒಂದರಲ್ಲೇ ಮೂರು ಸಲ ಆಯಿತು.

೧. ಢಂ

ಅವರಪ್ಪನ ಕಾಲದ ರೇಡಿಯೋನ ಟವೆಲಲ್ಲಿ ಸುತ್ತಿ, ಬಸ್ಸಲ್ಲಿ ತೊಡೆ ಮೇಲಿಟ್ಟುಕೊಂಡು ತಂದಿದ್ದರು.

"ವಾರ್ತೆಗಿಂತ ಗುಂಯ್ ಅನ್ನೋದೇ ಜಾಸ್ತಿ ಕಣಪ್ಪ."

"ಕಂಡೆನ್ಸರ್ ಒಣಗವೆ ಭಾವ. ಹೊಸಾವು ಹಾಕಿದ್ರೆ ಸರಿಹೋಯ್ತದೆ."

ಜಂಬದಲ್ಲಿ ಮಾತಾಡುತ್ತಾ ಮೊದಲನೇದನ್ನೇ ಪ್ಲಸ್ಸು ಮೈನಸ್ಸು ತಿರುವುಮುರುವಾಗಿ ಬೆಸೆದು ಸ್ವಿಚ್ ಹಾಕಿದೆ. ಢಂ! ಕಂಡೆನ್ಸರ್ ಸಿಡಿದು ಚೂರೆಲ್ಲ ಭಾವನ ಬಿಳಿ ಅಂಗಿ ಮೇಲೆ. ಅವರು ಅಂಗಿ ಒದರಿಕೊಂಡು ಮೆಲ್ಲಗೆ ಕೇಳಿದರು: "ಏಮಪ್ಪಾ, ಇದ್ಯಾವ ಸ್ಟೇಷನ್ನು?"

೨. ಹಳೇ ಚಿಪ್ಪು

ಆ ನಾಚಿಕೆಗೆ ವಾರವೆಲ್ಲ ಕೂತು ಅಂದವಾಗಿ ಮಾಡಿದೆ. ಹಳೆ ಕಂಡೆನ್ಸರ್‌ಗಳ ತಿರುಳು ತೆಗೆದು, ಅದೇ ಚಿಪ್ಪಿನೊಳಗೆ ಪುಟ್ಟ ಹೊಸಾವನ್ನು ಕೂರಿಸಿದೆ. ನೋಡೋಕೆ ಅವರಪ್ಪನ ಕಾಲದ್ದೇ ಇರಲಿ ಅಂತ.

ಭಾವ ಬಂದ ಹೊತ್ತಿಗೆ ಕರೆಂಟಿಲ್ಲ. ಹಿಂದಿನ ಹಲಗೆ ಬಿಚ್ಚಿ ಇಣುಕಿದರು.

"ಎಲ್ಲಾ ಹಳೇವೇ! ಏಮೀ ಮಾರ್ಚಲೇದು ಕದಾ! ಒಂದನ್ನೂ ಬದಲಾಯ್ಸಿಲ್ಲ! ನೆಂಟರಿಗೇ ಟೋಪಿ ಹಾಕ್ತೀಯಾ?"

"ನಂಬಿಕೆ ಇಲ್ದಿದ್ರೆ ತಗೊಂಡೋಗಿ" ಅಂದುಬಿಟ್ಟೆ. ಒಂದೇ ಒಂದು ಚಿಪ್ಪು ಬಿಚ್ಚಿ ತೋರಿಸಿದ್ದರೆ ಮುಗಿಯುತ್ತಿತ್ತು. ತೋರಿಸಲಿಲ್ಲ.

ನನ್ನ ಮಗಳ ಮದುವೆಗೆ ಅಕ್ಕ ಒಬ್ಬಳೇ ಬಂದಳು. ಆ ಫೋಟೋಗಳನ್ನು ಇವತ್ತಿಗೂ ನಾನು ಸರಿಯಾಗಿ ನೋಡಿಲ್ಲ.

"ಭಾವ ಏನೂ ಹೇಳ್ಲಿಲ್ವಾ ಅಕ್ಕ?"

"ಹೇಳಿದ್ರು. ಗಂಡಾದ್ರೂ ಹೊಸಾವ್ನೇನಾ, ನೋಡ್ಕೊಂಡು ಬಾ ಅಂದ್ರು."

೩. ಸರಿಹೋಯಿತು

ಎರಡು ವರ್ಷ ಆದಮೇಲೆ ನಾನೇ ಕಲ್ಯಾಣದುರ್ಗಕ್ಕೆ ಹೋದೆ. ರೇಡಿಯೋ ಅಟ್ಟದ ಮೇಲಿತ್ತು. ಹಟಕ್ಕೆ ಒಂದು ದಿನವೂ ಹಾಕಿರಲಿಲ್ಲ. ಇಳಿಸಿ, ಚಿಪ್ಪು ಬಿಚ್ಚಿ ಒಳಗಿನ ಹೊಸದನ್ನು ತೋರಿಸಿದೆ. ಮತ್ತೆ ಬೆಸೆದು ಹಾಕಿದರೆ ವಾರ್ತೆ ಪಕ್ಕದಲ್ಲೇ ಕೂತು ಓದಿದ ಹಾಗೆ ಬಂತು.

ಭಾವ ವಾರ್ತೆಯ ಸದ್ದು ತಗ್ಗಿಸಿ, "ಮಗೀನ ತಲೆ ಮೇಲೆ ಅಕ್ಷತೆ ಹಾಕ್ಲಿಲ್ವಲ್ಲಪ್ಪ ನಾನು" ಅಂದರು.

"ತಪ್ಪು ನಂದು ಭಾವ" ಅಂದೆ. ಇಷ್ಟು ಹೇಳೋಕೆ ಎರಡು ವರ್ಷ ಬೇಕಾಯಿತು.

ವಾರಕ್ಕೆ ಅಕ್ಕನ ಫೋನು.

"ಯಾಕ್ಲಾ ಅದ್ನ ಸರಿ ಮಾಡ್ಬುಟ್ಟೆ?"

"ಯಾಕಕ್ಕಾ, ಮತ್ತೆ ಗುಂಯ್ ಅಂತೈತಾ?"

"ಅನ್ನಲ್ಲ, ಅದೇ ಕಷ್ಟ! ಮೂವತ್ತು ವರ್ಷ ಆ ಸದ್ದಿನಾಗೆ ನಿಮ್ಮ ಭಾವನ್ನ ಮನಸಾರೆ ಬೈಕೊಂಡಿದ್ದೆ ಕಣ್ಲಾ. ಅದು ಅಟ್ಟಕ್ಕೆ ಹೋದಮ್ಯಾಕೆ ಬಾಯಿ ಕಟ್ಕೊಂಡಿದ್ದೆ. ರೇಡಿಯೋ ಬಂತಲ್ಲ ಅಂತ ನಿನ್ನೆ ಅದ್ನ ನಂಬ್ಕೊಂಡು ಬೈಯಕ್ಕೆ ಶುರು ಮಾಡಿದ್ರೆ, ಒಂದೊಂದು ಮಾತೂ ಅವ್ರಿಗೆ ಕೇಳಿಸ್ಬುಡ್ತು!"