ಹಾಳು ಕಟ್ಟಡಗಳೂ ಹತ್ತು ಸೆಕೆಂಡಿನ ಟೈಮರೂ

ಹಾಳುಬಿದ್ದ ಕಟ್ಟಡದಲ್ಲಿ ಯಾರೂ ಇರುವುದಿಲ್ಲ ಅಂತ ಹೇಳುತ್ತಾರೆ. ನಾನು ಕ್ಯಾಮರಾ ಹಿಡಿದು ಹೋದ ದಿನ ಮಾತ್ರ ಯಾರಾದರೂ ಇದ್ದೇ ಇರುತ್ತಾರೆ.

ಮಣಿಪಾಲದ ಸ್ಟುಡಿಯೋ ಒಂದರಲ್ಲಿ ನಾನು ಮದುವೆಗಳಿಗೆ ಲೈಟ್ ಹಿಡಿಯುವವನು. ಸ್ಟುಡಿಯೋದ ಅಣ್ಣ ಹೊಸ ಕ್ಯಾಮರಾ ತಂದಾಗ, "ಅಣ್ಣ, ಭಾನುವಾರದ ಮದುವೆಗೆ ಹಳೆಯದ್ದು ನನಗೆ ಕೊಡಿ, ನಾನೂ ಫೋಟೋ ತೆಗೀತೇನೆ" ಅಂತ ಕೇಳಿದೆ.

"ಮೊದಲು ಒಂದು ಒಳ್ಳೆಯ ಫೋಟೋ ತೋರಿಸು. ಹೊಸದನ್ನೇ ತಕೊಂಡು ಹೋಗು. ಹಾಳು ಕಟ್ಟಡದ್ದು ತೆಗಿ, ಅದು ಓಡಿ ಹೋಗುವುದಿಲ್ಲ."

೧. ಉದ್ದ ಲೆನ್ಸು

ಕಾಪು ಕಡೆ ಮುಚ್ಚಿಹೋದ ಅಕ್ಕಿ ಮಿಲ್ಲು ಉಂಟು. ಹಂಚಿನ ಮಾಡು ಒಡೆದು ಆಲದ ಮರ ಹೊರಗೆ ಬಂದಿದೆ. ಗೋಡೆಯನ್ನು ಬೇರುಗಳೇ ಅಪ್ಪಿ ಹಿಡಿದು ನಿಲ್ಲಿಸಿವೆ. ನೋಡಿ ಮೈ ಜುಂ ಅಂದಿತು. ಆದರೆ ನಾನು ಹಾಕಿದ್ದು ದೂರದ್ದನ್ನು ಹತ್ತಿರ ತೋರಿಸುವ ಉದ್ದ ಲೆನ್ಸು, ಅದರಲ್ಲಿ ಬರೀ ಒಂದು ಬೇರು ಕಾಣುತ್ತದೆ. ಇಡೀ ಮಿಲ್ಲು ಬರಲಿ ಅಂತ ಹಿಂದೆ ಹಿಂದೆ ಹೋದೆ. ಕೊನೆಗೆ ಯಾರದ್ದೋ ಅಂಗಳದಲ್ಲಿ, ಒಣಮೀನಿನ ಚಾಪೆಯ ಮೇಲೆ ಕೂತುಬಿಟ್ಟೆ.

ಮೀನು ಒಣಗಿಸುತ್ತಿದ್ದ ಅಕ್ಕ ಕೇಳಿದರು, "ಎಂತ ಮಾರಾಯ, ಆ ಮಿಲ್ಲು ನಿಂತು ವರ್ಷಗಟ್ಟಲೆ ಆಯ್ತು. ಅದಕ್ಕೆ ಹೆದರಿ ಇಲ್ಲಿವರೆಗೆ ಬಂದೆಯಾ?"

೨. ಹೊಸ ಫ್ಲ್ಯಾಶು

ಎರಡನೇ ದಿನ ಅಣ್ಣನೇ ಜೊತೆಗೆ ಬಂದರು. ಉಡುಪಿ ಆಚೆ, ಹೊಳೆ ಬದಿಯ ಹಂಚಿನ ಕಾರ್ಖಾನೆ. ಬಿದ್ದಿದ್ದ ಒಂದು ಹಂಚಿನ ಮೇಲೆ ಯಾವ ಕಾಲದ ಕೆಲಸದವರದ್ದೋ ಐದು ಬೆರಳಿನ ಗುರುತು. ನನ್ನ ಬೆರಳು ಇಟ್ಟೆ, ಸರಿಯಾಗಿ ಕೂತಿತು. ಸ್ವಲ್ಪ ಹೊತ್ತು ಕೈ ತೆಗೆಯಲು ಮನಸ್ಸೇ ಬರಲಿಲ್ಲ.

ಆಮೇಲೆ ಬುದ್ಧಿ ಸುಮ್ಮನಿರಬೇಕಲ್ಲ! ಹಂಚು ಸುಡುವ ಕತ್ತಲೆ ಗೂಡಿನ ಒಳಗೆ ಫ್ಲ್ಯಾಶ್ ಅಡಗಿಸಿಟ್ಟೆ. ಅಣ್ಣ ತಲೆ ಹಾಕಿದ ಕೂಡಲೇ ರಿಮೋಟ್ ಒತ್ತಿದೆ. ಅಣ್ಣ ಕಿರುಚಿದರು. ಒಳಗಿದ್ದ ಬಾವಲಿಗಳೆಲ್ಲ ಭರ್ರನೆ ಎದ್ದು, ಮಾಡಿನ ತೂತಿನ ಬಿಸಿಲಲ್ಲಿ ಹೊಗೆಯ ಹಾಗೆ ಸುತ್ತುತ್ತಾ ಮೇಲೇರಿದವು. ಜನ್ಮದಲ್ಲಿ ಅಂಥದ್ದು ನೋಡಿಲ್ಲ.

ನೆಲದಲ್ಲಿ ಕೂತಿದ್ದ ಅಣ್ಣ ಕೇಳಿದರು, "ತೆಗೆದೆಯಾ?"

"ಇಲ್ಲ ಅಣ್ಣ, ಬಾಯಿ ತೆರೆದು ನೋಡ್ತಾ ಇದ್ದೆ."

"ತೆರೆಯಬೇಕಾದದ್ದು ಶಟರ್ ಮಾರಾಯ!"

೩. ಟ್ರೈಪಾಡು

ಉಳಿದದ್ದು ಶನಿವಾರ ಒಂದೇ. ಕಾರ್ಕಳದ ಆಚೆ, ಮಕ್ಕಳಿಲ್ಲದೆ ಮುಚ್ಚಿದ ನನ್ನದೇ ಶಾಲೆಗೆ ಹೋದೆ. ಸಣ್ಣವನಿರುವಾಗ ಪಾಠದ ನಡುವೆ ಯಾವ ಕಿಟಕಿ ಹಾರಿ ಓಡಿಹೋಗಿದ್ದೆನೋ ಅದೇ ಕಿಟಕಿಯಿಂದ ಒಳಗೆ ಇಳಿದೆ. ಒಡೆದ ಹಂಚುಗಳಿಂದ ಬಿಸಿಲಿನ ಕೋಲುಗಳು ಇಳಿದಿದ್ದವು. ಒಂದು ಕೋಲು, ಉಳಿದಿದ್ದ ಒಂದೇ ಬೆಂಚಿನ ಮೇಲೆ ನೆಟ್ಟಗೆ ನಿಂತಿತ್ತು. ಪಾಠ ನಡೆಯುವಾಗ ಈ ಕೋಣೆ ಇಷ್ಟು ಚಂದ ಇತ್ತಾ? ನಾನೇ ನೋಡಿರಲಿಲ್ಲ.

ಕ್ಯಾಮರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ, ಕೈ ತಾಗಿದರೆ ಅಲುಗುತ್ತದೆ ಅಂತ ಹತ್ತು ಸೆಕೆಂಡಿನ ಟೈಮರ್ ಒತ್ತಿದೆ. ಅಷ್ಟರಲ್ಲಿ ಹೊರಗೆ ತೆಂಗಿನಕಾಯಿ ಹೆಕ್ಕುತ್ತಿದ್ದ ನಮ್ಮ ಹಳೇ ಮಾಷ್ಟ್ರು ಕಿಟಕಿಯಲ್ಲಿ ಇಣುಕಿದರು.

"ಯಾರೋ ಅದು? ಓ, ನೀನಾ! ಇಷ್ಟು ವರ್ಷ ಎಲ್ಲಿ ಹೋಗಿದ್ದೆ?"

"ಹೊಟ್ಟೆನೋವು ಸರ್!"

"ಹತ್ತು, ಬೆಂಚಿನ ಮೇಲೆ!"

ಹತ್ತಿ ಕಿವಿ ಹಿಡಿದು ನಿಂತೆ. ಕ್ಲಿಕ್.

ಸಂಜೆ ಅಣ್ಣ ಆ ಫೋಟೋವನ್ನು ತುಂಬಾ ಹೊತ್ತು ನೋಡಿದರು. ಖಾಲಿ ಕೋಣೆ, ಬೆಳಕಿನ ಕೋಲು, ಅದರ ನಡುವೆ ಕಿವಿ ಹಿಡಿದ ನಾನು.

"ಫೋಟೋ ಅಂದರೆ ಇದು! ಯಾರು ತೆಗೆದದ್ದು?"

ಅಷ್ಟು ಚಂದದ ಫೋಟೋದ ಎದುರು ನನಗೂ ಸುಳ್ಳು ಬರಲಿಲ್ಲ. "ಟೈಮರ್, ಅಣ್ಣ."

"ಹಾಗಾದರೆ ನಾಳೆ ಕ್ಯಾಮರಾ ಟೈಮರಿಗೆ ಕೊಡುವ. ನೀನು ಲೈಟ್ ಹಿಡಿ."