ಕಿಂಗ್ ಕ್ರಿಂಕಲನ ಪಟ್ಟಾಭಿಷೇಕ

ಮಣ್ಣು ಮೆದ್ದ ಬಾಯಲ್ಲಿ ಬ್ರಹ್ಮಾಂಡವನ್ನೇ ತೋರಿ, ಮರುಗಳಿಗೆಯಲ್ಲಿ ಬೆಣ್ಣೆಗಾಗಿ ಅತ್ತ ಬಾಲಗೋಪಾಲನಿಗೆ ಮೊದಲ ವಂದನೆ. ಮರದ ಗೊಂಬೆಯಾಗಲಿ ಮಣ್ಣಿನ ಗೊಂಬೆಯಾಗಲಿ, ಕರೆದವರ ಮನೆಗೆ ಬಂದು ಒಂಬತ್ತು ದಿನ ನೆಲಸುವ ನವರಾತ್ರಿಯ ತಾಯಿಗೆ ಎರಡನೆಯ ವಂದನೆ. ಆಟಿಕೆಯನ್ನು ಬಿಡಲಾರದ ಜೀವರನ್ನು ಅವರಿಬ್ಬರೂ ನಕ್ಕು ಮನ್ನಿಸಲೆಂದು ಬೇಡಿಕೊಂಡು, ಅಮೆರಿಕದ ಡೆಟ್ರಾಯ್ಟ್ ಬಳಿಯ ಲಿವೋನಿಯಾದ ರಘೋತ್ತಮನ ಕತೆಯನ್ನು ಆರಂಭಿಸುತ್ತೇನೆ.

ಅನರ್ಥಕ್ಕೆಲ್ಲ ಮೂಲ ಆಲೂಗಡ್ಡೆ.

ರಘೋತ್ತಮನಿಗೆ ಏಳು ವರ್ಷವಾಗಿದ್ದಾಗ, ಎಂದರೆ ಎಂಬತ್ತಾರರಲ್ಲಿ, ಅವನ ತಂದೆ ಮೈಸೂರಿನಿಂದ ಷಿಕಾಗೋದ ಸಮೀಪದ ಲೊಂಬಾರ್ಡಿಗೆ ವೈದ್ಯರಾಗಿ ಬಂದರು. ಮಡಿವಂತರಾದ ಆ ಕುಟುಂಬವು ಹೊರಗೆ ನಿಶ್ಚಿಂತೆಯಿಂದ ತಿನ್ನಬಹುದೆಂದು ನಂಬಿದ್ದ ಪದಾರ್ಥ ಕರಿದ ಆಲೂಗಡ್ಡೆಯೊಂದೇ. ಆದ್ದರಿಂದ ಪ್ರತಿ ಶುಕ್ರವಾರ ಸಂಜೆ 'ಪೊಟ್ಯಾಟೋ ಪ್ಯಾಲೇಸ್' ಎಂಬ ಅಂಗಡಿಗೆ ಅವರ ಸವಾರಿ ಹೊರಡುತ್ತಿತ್ತು. ಆ ಅಂಗಡಿಯ ಜಾಹೀರಾತು ಶನಿವಾರದ ಕಾರ್ಟೂನುಗಳ ನಡುವೆ ಟೀವಿಯಲ್ಲಿ ಬರುತ್ತಿತ್ತು. ಅದರಲ್ಲಿ ಕೆಂಪು ನಿಲುವಂಗಿಯ, ಗುಡಾಣದಂಥ ಹೊಟ್ಟೆಯ, ಗಿರಿಜಾಮೀಸೆಯ ಕಿಂಗ್ ಕ್ರಿಂಕಲ್ ಎಂಬ ದೊರೆ ಸಿಂಹಾಸನದಿಂದ ಧುಮುಕಿ, ಬೆರಳು ಚಾಚಿ, "ನನ್ನ ಅರಮನೆಗೆ ಬಾ!" ಎಂದು ಇಂಗ್ಲಿಷಿನಲ್ಲಿ ಕೂಗುತ್ತಿದ್ದನು. ಶಾಲೆಯಲ್ಲಿ ಯಾರೂ ಆಟಕ್ಕೆ ಸೇರಿಸಿಕೊಳ್ಳದಿದ್ದ ಆ ದಿನಗಳಲ್ಲಿ ಬಾಲಕನನ್ನು ಬಾ ಎಂದು ಕರೆದವನು ಆ ದೊರೆ ಒಬ್ಬನೇ.

ಮಕ್ಕಳ ತಿಂಡಿಯ ಡಬ್ಬದೊಳಗೆ ದೊರೆಯ ಪರಿವಾರದ ಒಂದೊಂದು ಪುಟ್ಟ ಗೊಂಬೆ ಇರುತ್ತಿತ್ತು. ಕೆಚಪ್ ಸೇನಾಪತಿ, ಉಪ್ಪಿನ ಮಂತ್ರಿ, ಉಪ್ಪಿನಕಾಯಿ ರಾಜಕುಮಾರಿ, ಸಾಸಿವೆ ಕಳ್ಳ. ಕಿಂಗ್ ಕ್ರಿಂಕಲನು ಮಾತ್ರ ಒಂದೂವರೆ ಅಡಿ ಎತ್ತರದ ಪ್ರತಿಮೆಯಾಗಿ ಕೌಂಟರಿನ ಮೇಲೆ ವಿರಾಜಮಾನನಾಗಿದ್ದನು. ಒಂದು ದಿನ ಬಾಲಕನು ಧೈರ್ಯಮಾಡಿ ಅವನನ್ನು ಕೇಳಿಯೇ ಬಿಟ್ಟನು. ಮ್ಯಾನೇಜರನು ನಕ್ಕು, "ರಾಜನನ್ನು ಯಾರಿಗೂ ಕೊಡುವುದಿಲ್ಲ, ಮಗು" ಎಂದನು.

ಆ ಅಂಗಡಿಗಳು ಮುಚ್ಚಿ ಮೂವತ್ತು ವರ್ಷವಾಯಿತು. ರಘೋತ್ತಮನು ಈಗ ಡಿಯರ್‌ಬಾರ್ನಿನಲ್ಲಿ ಕಾರುಗಳ ಬಾಗಿಲೊಳಗೆ ಗಾಳಿ ನುಗ್ಗದಂತೆ ನೋಡಿಕೊಳ್ಳುವ ಇಂಜಿನಿಯರು. ಲಿವೋನಿಯಾದ ಅವನ ಮನೆಯ ಬೇಸ್‌ಮೆಂಟಿನ ಗಾಜಿನ ಬೀರುವಿನಲ್ಲಿ ಇಪ್ಪತ್ತನಾಲ್ಕು ಪರಿವಾರದ ಗೊಂಬೆಗಳು ಒಂದು ಖಾಲಿ ಪೀಠದ ಮುಂದೆ ಸಾಲಾಗಿ ನಿಂತಿದ್ದವು, ಮಂತ್ರಿ ಬಾರದೆ ಆರಂಭವಾಗದ ಸಭೆಯಂತೆ.

ಹೋದ ತಿಂಗಳು ಸಾಸಿವೆ ಕಳ್ಳನ ಟೋಪಿ ವ್ಯಾಕ್ಯೂಮ್ ಕ್ಲೀನರಿನೊಳಗೆ ಸಿಕ್ಕಿ ಯಂತ್ರವು ಕೆಟ್ಟುಹೋಯಿತು. ಅವನ ಪತ್ನಿ ಸುಹಾಸಿನಿ ಅಂದೇ ಶಾಸನ ಹೊರಡಿಸಿದಳು.

"ರೀ, ಇನ್ನೊಂದೇ ಒಂದು ಪ್ಲಾಸ್ಟಿಕ್ ಗೊಂಬೆ ಈ ಮನೆ ಹೊಸಿಲು ದಾಟ್ಲಿ, ಇಡೀ ಬೀರು ಡೊನೇಶನ್ ಸೆಂಟರ್‌ಗೆ ಹೋಗುತ್ತೆ. ನಿಮ್ಮ ಕಾರಲ್ಲೇ. ನೀವೇ ಡ್ರೈವ್ ಮಾಡ್ಕೊಂಡು."

"ಖಂಡಿತ ತರಲ್ಲ" ಎಂದನು ರಘೋತ್ತಮ.

ಮೂರೇ ವಾರಗಳಲ್ಲಿ ವಿಧಿಯು ಅವನ ಫೋನಿನೊಳಗೆ ಮಿಂಚಿತು. ಲೊಂಬಾರ್ಡಿನಲ್ಲಿ ಟೈರ್ ಅಂಗಡಿ ಇಟ್ಟಿದ್ದ ಭದ್ರಾವತಿಯ ಷರೀಫರು ಅಲ್ಲಿಯ ಕನ್ನಡಿಗರ ಫೋನ್ ಗುಂಪಿನಲ್ಲಿ ಒಂದು ಚಿತ್ರವನ್ನು ಹಾಕಿದ್ದರು. ಅವರ ಅಂಗಡಿಯಿದ್ದ ಕಟ್ಟಡ ಹಿಂದೆ ಪೊಟ್ಯಾಟೋ ಪ್ಯಾಲೇಸ್ ಆಗಿತ್ತು. ಅದರ ಅಟ್ಟವನ್ನು ಗುಡಿಸುವಾಗ ಕಿಂಗ್ ಕ್ರಿಂಕಲನು ದೂಳು ಮೆತ್ತಿಕೊಂಡು ಪ್ರತ್ಯಕ್ಷನಾಗಿದ್ದನು. ಅದೇ ವಾರ ಲೊಂಬಾರ್ಡಿನಲ್ಲಿಯೇ ಇದ್ದ ಸುಹಾಸಿನಿಯ ಚಿಕ್ಕಮ್ಮ ಸರಳಾ, ಸಣ್ಣ ಅಪಾರ್ಟ್‌ಮೆಂಟಿಗೆ ಹೋಗುವವರಿದ್ದುದರಿಂದ, ತಮ್ಮ ಪಟ್ಟದ ಗೊಂಬೆಗಳಾದ ಮರದ ರಾಜ ರಾಣಿಯರನ್ನು ಸುಹಾಸಿನಿಗೆ ಕೊಡುತ್ತೇನೆಂದರು. ಈ ಸಲ ನವರಾತ್ರಿಯ ಪಾಡ್ಯವು ಭಾನುವಾರವೇ ಬಿದ್ದಿತ್ತು.

"ನಾನೇ ಹೋಗಿ ತರ್ತೀನಿ" ಎಂದನು ರಘೋತ್ತಮ.

ಸುಹಾಸಿನಿ ಕಣ್ಣು ಕಿರಿದು ಮಾಡಿದಳು. "ಹೋಗಿ ಬರೋಕೆ ಐನೂರ ಎಪ್ಪತ್ತು ಮೈಲಿ. ಏರ್‌ಪೋರ್ಟಿಗೆ ಹೋಗಿ ಅಂದ್ರೇ ಗೊಣಗೋರು ನೀವು."

"ದೇವರ ಕೆಲಸ" ಎಂದು ಅವನು ಆಕಾಶವನ್ನು ನೋಡಿದನು. "ಸಂಜೆ ನಾಲ್ಕೂವರೆಗೆಲ್ಲ ಇಲ್ಲಿರ್ತೀನಿ."

ಭಾನುವಾರ ಬೆಳಗಿನ ಐದಕ್ಕೇ ಹೊರಟು ಸರಳಾ ಅವರ ಮನೆ ಸೇರಿದನು. ಅವರು ಉಪ್ಪಿಟ್ಟು ಬಡಿಸಿ, ಗೊಂಬೆಗಳನ್ನು ಯಜಮಾನರ ಹಳೆಯ ಪಂಚೆಗಳಲ್ಲಿ ಸುತ್ತಿದರು.

"ನೋಡಪ್ಪಾ ರಘು, ರಾಜನ ಮೂಗು ಸ್ವಲ್ಪ ಸವೆದಿದೆ, ನಿಮ್ಮ ಅಂಕಲ್‌ದು ಇದ್ದ ಹಾಗೇ. ಜೋಪಾನ."

"ಇನ್ನೊಂದು ಪಂಚೆ ಕೊಡಿ ಆಂಟಿ, ಅಲುಗಾಡದ ಹಾಗೆ ಒತ್ತಿಗೆ ಇಡ್ತೀನಿ" ಎಂದು ಅವನು ಮೂರನೆಯ ಪಂಚೆಯನ್ನೂ ಸಂಪಾದಿಸಿದನು.

ಷರೀಫರ ಅಂಗಡಿ ಹನ್ನೊಂದಕ್ಕೆ ತೆರೆಯಿತು. ಅವರು ಬೆಲೆಯ ಮಾತನ್ನೇ ಎತ್ತಲಿಲ್ಲ.

"ತಗೊಂಡ್ ಹೋಗಿ ಸಾರ್, ಪುಣ್ಯ ಬರುತ್ತೆ. ಈ ಮೀಸೆ ನೋಡಿ ನಮ್ಮ ಕೆಲಸದವ್ರು ಅಟ್ಟಕ್ಕೇ ಹತ್ತಲ್ಲ ಅಂತಾರೆ. ಆದ್ರೆ ಇದೇನ್ ಸಾರ್ ನಿಮ್ಮ ಟೈರು! ನನ್ನ ತಲೇಲೂ ಇಷ್ಟು ನುಣುಪಿಲ್ಲ. ಇದ್ರಲ್ಲಿ ಡೆಟ್ರಾಯ್ಟ್ ಮುಟ್ಟೋಕೆ ನಾನು ಬಿಡಲ್ಲ."

ಬೇಡವೆಂದರೂ ಕಾರು ಮೇಲಕ್ಕೇರಿತು. ಡಿಕ್ಕಿಯಲ್ಲಿದ್ದ ಗಂಟುಗಳನ್ನು ಇಳಿಸಿ ಹಳೆಯ ಟೈರುಗಳ ರಾಶಿಯ ಮೇಲಿಟ್ಟರು. ಮೂರನೆಯ ಪಂಚೆಯನ್ನು ಸುತ್ತಿಕೊಂಡ ಕಿಂಗ್ ಕ್ರಿಂಕಲನೂ ಅವುಗಳ ಪಕ್ಕದಲ್ಲಿಯೇ ಕುಳಿತನು. ನಾಲ್ಕು ಟೈರು ಬದಲಾಗುವ ಹೊತ್ತಿಗೆ ಅಂಗಡಿಯ ಗಡಿಯಾರ ಹನ್ನೆರಡನ್ನು ತೋರಿಸುತ್ತಿತ್ತು. ಆಗ ರಘೋತ್ತಮನಿಗೆ ಸಿಡಿಲು ಬಡಿದಂತಾಯಿತು: ಷಿಕಾಗೋದಲ್ಲಿ ಹನ್ನೆರಡೆಂದರೆ ಲಿವೋನಿಯಾದಲ್ಲಿ ಒಂದು! ನಲವತ್ತು ವರ್ಷ ಈ ದೇಶದಲ್ಲಿದ್ದೂ ಆ ಒಂದು ಗಂಟೆಯನ್ನು ಅವನು ಮರೆತಿದ್ದನು. ಗಡಿಬಿಡಿಯಲ್ಲಿ ಮೂರು ಬಿಳಿಯ ಗಂಟುಗಳಲ್ಲಿ ಒಂದನ್ನು ಎತ್ತಿ, ಡಿಕ್ಕಿಯ ತಳದಲ್ಲಿ ಸ್ಪೇರ್ ಟೈರಿಗೆಂದು ಮಾಡಿದ್ದ ಖಾಲಿ ಗುಂಡಿಯಲ್ಲಿ ಅಡಗಿಸಿ, ಮೇಲೆ ಹಲಗೆ ಮುಚ್ಚಿ, ಉಳಿದೆರಡನ್ನು ಅದರ ಮೇಲಿಟ್ಟು ಹೊರಟನು.

ಅವನು ಮನೆ ತಲುಪಿದಾಗ ಐದೂವರೆ. ಬೀದಿಯ ಎರಡೂ ಬದಿಗೆ ಅತಿಥಿಗಳ ಕಾರುಗಳು ನಿಂತಿದ್ದವು. ಪಕ್ಕದ ಮನೆಯ ವೀರೇಶ್, ಪರೋಪಕಾರಕ್ಕೆ ಕಾರಣವನ್ನೇ ಕೇಳದ ಮನುಷ್ಯ, ಓಡಿಬಂದು ಡಿಕ್ಕಿ ತೆರೆದನು.

"ಏನ್ರೀ ರಾಘಣ್ಣ, ರಾಜಾ ರಾಣಿ ಬರಲಿಲ್ಲಂತ ಹೆಣ್ಮಕ್ಕಳು ಒಂದ ತಾಸಿನಿಂದ ಅದ ಹಾಡು ಹಾಡಾಕತ್ತಾರ! ಕೊಡ್ರಿ ಇತ್ಲಾಗ." ಎರಡು ಗಂಟುಗಳನ್ನು ಕಂಕುಳಲ್ಲಿ ಇರುಕಿಕೊಂಡು ಅವನು ಹುಬ್ಬೇರಿಸಿದನು. "ಇದೇನ್ರಿ, ರಾಣಿಗಿಂತ ರಾಜಾನ ಹಗುರ ಅದಾನ?"

ರಘೋತ್ತಮನು ತಡೆಯಲೆಂದು ಕಾರಿನಿಂದ ಧುಮುಕಿದನು. ಅಷ್ಟರಲ್ಲಿ ವೀರೇಶನು ಒಳಗೆ ಹೋಗಿಯಾಗಿತ್ತು.

ಒಳಗೆ, ಕೆಂಪು ವಸ್ತ್ರ ಹಾಸಿದ ಒಂಬತ್ತು ಮೆಟ್ಟಿಲುಗಳ ಮುಂದೆ ವೀರೇಶನ ತಾಯಿ ನೀಲಮ್ಮ ಅಧ್ಯಕ್ಷರಂತೆ ಕುಳಿತಿದ್ದರು. ಅವರು ಗದಗಿನಿಂದ ಮಗನ ಮನೆಗೆ ಬಂದು ಎರಡು ತಿಂಗಳಾಗಿತ್ತು. ಅವರ ಕಡೆ ಗೊಂಬೆ ಕೂರಿಸುವ ಪದ್ಧತಿಯಿಲ್ಲ, ಘಟ ಸ್ಥಾಪಿಸುತ್ತಾರೆ. ಆದರೆ ಪದ್ಧತಿ ತಿಳಿಯದಿರುವುದು ಅಪ್ಪಣೆ ಕೊಡುವುದಕ್ಕೆ ಅಡ್ಡಿಯೆಂದು ಅವರು ಎಂದೂ ಭಾವಿಸಿದವರಲ್ಲ. ಅವರೇ ಗಂಟು ಬಿಚ್ಚಿದರು. ರಾಣಿ ಹೊರಬಂದಳು, ತೆಳ್ಳನೆಯ, ಗಂಭೀರ ಮುಖದ ಚಂದನದ ರಾಣಿ. ಬಳಿಕ ಹೊರಬಂದವನು ಕಿಂಗ್ ಕ್ರಿಂಕಲ್.

ಮುತ್ತೈದೆಯರೆಲ್ಲ ಕತ್ತು ಚಾಚಿ ನೋಡಿದರು.

"ಭಾರಿ ರಾಜಾ!" ಎಂದರು ನೀಲಮ್ಮ. "ಕಳಿ ನೋಡ್ರಿ ಮಾರಿಮ್ಯಾಲೆ. ಕೈಯಾಗ ಬತ್ತಳಿಕಿ ಹಿಡದಾನ. ಎಷ್ಟು ಬಾಣ!"

ರಘೋತ್ತಮನ ಹನ್ನೊಂದು ವರ್ಷದ ಮಗಳು ತನ್ಮಯಿ ಮುಂದೆ ಬಾಗಿ ನೋಡಿದಳು. "ಅಜ್ಜಿ, ದೋಸ್ ಆರ್ ಫ್ರೆಂಚ್ ಫ್ರೈಸ್."

"ಸುಮ್ಮನ ಕುಂದರವಾ. ನಿಮಗ ಎಲ್ಲಾ ತಿನ್ನೂದ ಕಾಣತೈತಿ."

ಹೀಗೆಂದು ನೀಲಮ್ಮ ದೊರೆಯನ್ನು ಮೇಲಿನ ಮೆಟ್ಟಿಲಿನಲ್ಲಿ ರಾಣಿಯ ಬಲಕ್ಕೆ ಕೂರಿಸಿ, ಹಣೆಗೆ ಕುಂಕುಮವಿಟ್ಟು, ಹೂವೇರಿಸಿ, ಅಕ್ಷತೆ ಹಾಕಿದರು. ಆರತಿ ಬೆಳಗಿತು. ರಾಣಿಯ ಮುಖದಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ, ಮರದ್ದಾದ್ದರಿಂದ ತಡೆದುಕೊಂಡಳು.

ಸುಹಾಸಿನಿ ಪತಿಯ ಕಿವಿಯಲ್ಲಿ ಪಿಸುಗುಟ್ಟಿದಳು. "ರೀ, ಚಿಕ್ಕಮ್ಮನ ರಾಜ ಇಷ್ಟು ದಪ್ಪ ಇದ್ನಾ?"

"ಅಮೆರಿಕಕ್ಕೆ ಬಂದು ಬಹಳ ವರ್ಷ ಆಯ್ತಲ್ಲ" ಎಂದನು ರಘೋತ್ತಮ.

ಅಷ್ಟರಲ್ಲಿ ಸುಹಾಸಿನಿಯ ಫೋನು ಮೊಳಗಿತು. ಗೊಂಬೆಗಳನ್ನು ನೋಡಬೇಕೆಂದು ಸರಳಾ ವಿಡಿಯೋ ಕಾಲ್ ಮಾಡಿದ್ದರು. ತಪ್ಪಿಸಲು ರಘೋತ್ತಮನು ಕೈ ಚಾಚುವಷ್ಟರಲ್ಲಿ ತನ್ಮಯಿ ಫೋನನ್ನು ಎತ್ತಿ ಮೇಲಿನ ಮೆಟ್ಟಿಲಿಗೆ ಹಿಡಿದಳು.

"ಅಯ್ಯೋ ರಾಮ! ಯಾರೇ ಸುಹಾಸಿನಿ ಅವನು, ನಮ್ಮ ರಾಣಿ ಪಕ್ಕದಲ್ಲಿ? ನಮ್ಮ ರಾಜ ಎಲ್ಲೇ?"

ಮೂವತ್ತು ಜನ ಮುತ್ತೈದೆಯರೂ ಅವರೊಂದಿಗೆ ಬಂದಿದ್ದ ಹನ್ನೆರಡು ಮಕ್ಕಳೂ ರಘೋತ್ತಮನತ್ತ ತಿರುಗಿದರು. ಅವನು ಕಾರಿನ ಬಳಿಗೆ ಹೋಗಿ, ಗುಂಡಿಯೊಳಗಿದ್ದ ನಿಜವಾದ ರಾಜನನ್ನು ಎತ್ತಿ ತಂದು, ಎಲ್ಲವನ್ನೂ ಒಪ್ಪಿಕೊಂಡನು.

"ಬೀರು" ಎಂದಳು ಸುಹಾಸಿನಿ. "ನಾಳೆ ಬೆಳಿಗ್ಗೆ."

"ಸುಹಾಸಿನಿ, ಜನ ಇದಾರೆ..."

"ಎಂಟು ಗಂಟೆಗೆ ಓಪನ್ ಆಗುತ್ತೆ."

ಅವಳು ಕ್ರಿಂಕಲನನ್ನು ಇಳಿಸಲು ಕೈಯೆತ್ತಿದಾಗ ನೀಲಮ್ಮ ತಡೆದರು. "ಕೈ ಹಚ್ಚಬ್ಯಾಡವಾ! ಆರತಿ ಆಗೇತಿ. ಇಟ್ಟ ಘಟಾ ಹತ್ತು ದಿನ ಅಲುಗಸಂಗಿಲ್ಲ."

"ಇದು ಘಟ ಅಲ್ವಲ್ಲಾ ಅಜ್ಜಿ, ಗೊಂಬೆ" ಎಂದಳು ಸುಹಾಸಿನಿ.

"ಘಟಾನ ಅಲುಗಸಂಗಿಲ್ಲ ಅಂದಮ್ಯಾಲೆ ಗೊಂಬಿ ಹೆಂಗ ಅಲುಗಸ್ತಿ?"

ಸುಹಾಸಿನಿ ಕೈ ಇಳಿಸಿದಳು. ಮರದ ರಾಜನನ್ನು ಏನು ಮಾಡುವುದೆಂಬ ಪ್ರಶ್ನೆಯನ್ನೂ ಅವರೇ ಬಗೆಹರಿಸಿದರು. "ಅಂವನ್ನ ಕೆಳಗಿನ ಮೆಟ್ಟಲದಾಗ ಕುಂದರಸ್ರಿ. ರಾಣಿ ಅಣ್ಣ ಅಂತ ಅನ್ರಿ. ಹಬ್ಬಕ್ಕ ತವರಮನಿಂದ ಬಂದಾನ."

"ನಲವತ್ತು ವರ್ಷ ಗಂಡ ಆಗಿದ್ದೋನು ಅಣ್ಣ ಆದ್ನಾ!" ಎಂದು ಫೋನಿನೊಳಗಿನ ಸರಳಾ ಹಣೆ ಚಚ್ಚಿಕೊಂಡರು.

ನೀಲಮ್ಮ ರಘೋತ್ತಮನತ್ತ ತಿರುಗಿದರು. "ತಮ್ಮಾ, ಇಷ್ಟು ದೂರ ಹೋಗಿ ತಂದೀ ಅಂದ್ರ ಏನೋ ಇರಬೇಕು. ಹೇಳು, ಕೇಳೋಣ."

ಅವನು ಹೇಳಿದನು. ಏಳು ವರ್ಷದ ತಾನು ಶಾಲೆಯ ಬೇಲಿಗೆ ಒರಗಿ ನಿಲ್ಲುತ್ತಿದ್ದುದು, ಟೀವಿಯ ದೊರೆ ಬಾ ಎಂದು ಕರೆದುದು, ಶುಕ್ರವಾರದ ಡಬ್ಬ, ಡಬ್ಬದೊಳಗಿನ ಗೊಂಬೆ. "ಅಜ್ಜಿ, ಆ ಗೊಂಬೆಗಳನ್ನ ಮಾಡಿದ್ದೇ ತಿಂಡಿ ಜೊತೆ ಮಕ್ಕಳ ಕೈಗೆ ಕೊಡೋಕೆ. ಅದು ಕೈಗೆ ಬಂದಾಗ ಈ ಊರಲ್ಲಿ ನನಗೂ ಯಾರೋ ಇದಾರೆ ಅನ್ಸೋದು" ಎಂದನು. ಹಲವರು ಸೆರಗನ್ನು ಕಣ್ಣಿಗೊತ್ತಿಕೊಂಡರು. ಸುಹಾಸಿನಿ ಗಂಡನತ್ತ ತಿರುಗಿದಳು.

"ಇದನ್ನೆಲ್ಲ ಮದುವೆ ಆಗಿ ಹದಿನೈದು ವರ್ಷದಲ್ಲಿ ಒಂದಿನಾನೂ ಹೇಳ್ಲಿಲ್ವಲ್ರೀ ನೀವು." ಮೂಗು ಒರೆಸಿಕೊಂಡಳು. "ಬೀರು ಎಲ್ಲೂ ಹೋಗಲ್ಲ. ಆ ಪರಿವಾರಾನೂ ಕರ್ಕೊಂಡ್ ಬನ್ನಿ ಮೇಲಕ್ಕೆ. ರಾಜ ಒಬ್ಬನೇ ಕೂತಿದಾನೆ."

ರಘೋತ್ತಮನು ಹಕ್ಕಿಯಂತೆ ಕೆಳಗಿಳಿದನು. ಕೆಚಪ್ ಸೇನಾಪತಿಯಿಂದ ಹಿಡಿದು ಟೋಪಿ ಕಳೆದುಕೊಂಡ ಸಾಸಿವೆ ಕಳ್ಳನವರೆಗೆ ಇಪ್ಪತ್ತನಾಲ್ಕೂ ಗೊಂಬೆಗಳನ್ನು ತಂದು ಕೆಳಗಿನ ಮೂರು ಮೆಟ್ಟಿಲುಗಳಲ್ಲಿ ನಿಲ್ಲಿಸಿದನು. ನಲವತ್ತು ವರ್ಷಗಳ ಬಳಿಕ ಕಿಂಗ್ ಕ್ರಿಂಕಲನ ಒಡ್ಡೋಲಗ ಪೂರ್ಣವಾಯಿತು.

"ಹಾಲು ಮುಗೀತು, ಕಾಫಿಗೆ ಸಾಲಲ್ಲ. ಎರಡು ಕ್ಯಾನ್ ತಂದ್ಬಿಡಿ" ಎಂದಳು ಸುಹಾಸಿನಿ. ಅವನು ಹಾಡು ಗುನುಗುತ್ತ ಹೊರಟನು. ಅದು ಪೊಟ್ಯಾಟೋ ಪ್ಯಾಲೇಸಿನ ಜಾಹೀರಾತಿನ ಹಾಡು.

ಅರ್ಧ ಗಂಟೆಯ ಬಳಿಕ ಹಿಂದಿರುಗಿದಾಗ ಮಕ್ಕಳಿದ್ದ ಕಾರುಗಳು ಹೊರಟುಹೋಗಿದ್ದವು. ಸುಹಾಸಿನಿ ಇನ್ನೂ ಅಡುಗೆಮನೆಯಲ್ಲಿ ಹಾಲಿಗಾಗಿ ಕಾಯುತ್ತಿದ್ದಳು. ಹಾಲಿನ ಕ್ಯಾನುಗಳನ್ನು ಹಿಡಿದುಕೊಂಡೇ ರಘೋತ್ತಮನು ಮೆಟ್ಟಿಲುಗಳತ್ತ ನೋಡಿದನು. ಕೆಳಗಿನ ಮೂರೂ ಖಾಲಿ.

"ಅಜ್ಜಿ, ಗೊಂಬೆ... ಎಲ್ಲಿ?"

"ಬಾ ತಮ್ಮಾ! ಮಕ್ಕಳ ಮಾರಿ ನೀ ನೋಡಬೇಕಾಗಿತ್ತು" ಎಂದು ನೀಲಮ್ಮ ಅರಳಿದರು. "ಗೊಂಬಿ ನೋಡಾಕ ಬಂದ ಮಕ್ಕಳಿಗೆ ಬಾಗಿನ ಕೊಡೂ ಪದ್ಧತಿ ಅಂತ ನಿನ್ನ ಹೆಂಡತಿ ಚಕ್ಕಲಿ ಚೀಲ ನನ್ನ ಕೈಯಾಗ ಕೊಟ್ಟಳು. ಬರೇ ಚಕ್ಕಲಿ ಹೆಂಗ ಕೊಡೂದು? ತಿಂಡಿ ಜೋಡಿ ಮಕ್ಕಳ ಕೈಯಾಗ ಕೊಡಾಕಂತನ ಮಾಡಿದ ಗೊಂಬಿ ಅಂತ ನೀನ ಹೇಳಿದೆಲ್ಲ. ಹನ್ನೆರಡು ಮಕ್ಕಳು, ಇಪ್ಪತ್ನಾಕು ಗೊಂಬಿ. ತಲಿಗೆ ಎರಡು. ದೇವರ ಲೆಕ್ಕ ನೋಡು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮಿ ಇಲ್ಲ! ನಿಮ್ಮ ಎದುರುಮನಿ ಆಸಿಫನ ಮಗಾ ಅಂತೂ ಆ ಕಳ್ಳನ್ನ ಕೈಯಾಗ ಹಿಡಕೊಂಡು ಕುಣದಾಡಿದ."

ರಘೋತ್ತಮನು ಹಾಲನ್ನು ನೆಲದ ಮೇಲಿಟ್ಟನು. ಮಕ್ಕಳ ಕೈಗೆ ದೇವರ ಹೆಸರಿನಲ್ಲಿ ಕೊಟ್ಟ ಬಾಗಿನವನ್ನು ಮರಳಿ ಕೇಳುವುದು ಯಾವ ಶಾಸ್ತ್ರದಲ್ಲಿಯೂ ಇಲ್ಲ. ಅವನು ನಿಧಾನವಾಗಿ ಮೇಲಿನ ಮೆಟ್ಟಿಲಿನತ್ತ ಕೈ ಚಾಚಿದನು. "ಇದನ್ನಾದ್ರೂ ಕೆಳಗೆ, ನನ್ನ ಬೀರೂಲಿ..."

ಅಡುಗೆಮನೆಯಿಂದ ಬಂದ ಸುಹಾಸಿನಿ ಖಾಲಿ ಮೆಟ್ಟಿಲುಗಳನ್ನು ಕಂಡು ಒಮ್ಮೆ ತುಟಿ ಕಚ್ಚಿಕೊಂಡಳು. ಬಳಿಕ ಮೃದುವಾಗಿ ಅವನ ಕೈಯನ್ನು ಕೆಳಗಿಳಿಸಿದಳು.

"ದಶಮಿ ತನಕ ಮುಟ್ಟೋ ಹಾಗಿಲ್ಲ. ಆಮೇಲೆ ರಾಣಿ ಜೊತೆ ಮಲಗಿಸಿ ನನ್ನ ಟ್ರಂಕಲ್ಲಿ ಇಡ್ತೀನಿ. ಇನ್ನು ಬರೋ ವರ್ಷಕ್ಕೇ ತೆಗೆಯೋದು."

"ನನಗೆ ಕೊಡಲ್ವಾ?"

"ಪಟ್ಟದ ರಾಜನ್ನ ಯಾರಿಗೂ ಕೊಡಲ್ಲ ರೀ."

ಈ ಮಾತನ್ನು ಇದೇ ಅರ್ಥದಲ್ಲಿ ಎಲ್ಲಿಯೋ ಕೇಳಿದಂತೆ ರಘೋತ್ತಮನಿಗೆ ಅನ್ನಿಸಿತು. ಅವನ ಮುಖವನ್ನು ಕಂಡು ನೀಲಮ್ಮನ ಕರುಳು ಚುರುಕ್ಕೆಂದಿತು. "ಪಾಪ, ನೀನೂ ಒಂದು ಕೂಸ ಅದಿ, ಹಿಡಿ" ಎಂದು ಉಳಿದಿದ್ದ ಬಾಗಿನದ ಪೊಟ್ಟಣವೊಂದನ್ನು ಅವನ ಕೈಗಿತ್ತರು. ಅವನು ಆಸೆಯಿಂದ ಬಿಚ್ಚಿ, ಒಳಗೆಲ್ಲ ಬೆರಳಾಡಿಸಿ ಹುಡುಕಿದನು.

"ಬರೇ ಚಕ್ಕಲಿ ಐತಿ ತಮ್ಮಾ" ಎಂದರು ನೀಲಮ್ಮ. "ಗೊಂಬಿ ಮುಗದಾವ."

ಈ ಕತೆಯನ್ನು ಹೇಳಿದವರಿಗೂ ಕೇಳಿದವರಿಗೂ ಮಂಗಳವಾಗಲಿ. ಅವರ ಮನೆಯ ಮೆಟ್ಟಿಲುಗಳು ಗೊಂಬೆಗಳಿಂದಲೂ, ಅಂಗಳವು ಮಕ್ಕಳಿಂದಲೂ, ಮಕ್ಕಳ ಕೈ ತಿಂಡಿಯಿಂದಲೂ ತುಂಬಿರಲಿ. ಬಾ ಎಂದು ಕರೆಯುವವರು ಅವರಿಗೆ ಯಾವ ಊರಿನಲ್ಲಿಯೂ ಇಲ್ಲದೆ ಹೋಗದಿರಲಿ.